‘ಫಿಯರ್‌ಲೆಸ್’ನಲ್ಲಿ ಅಂಥದ್ದೇನಿದೆ?

ಪ್ರಶ್ನೆ: ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ದೊಡ್ಡ ಆಲ್ಬಂಗಳನ್ನೆಲ್ಲ ಕೇಳಿ ಮುಗಿಸಿ ಈಗ ‘ಮೆಡಲ್’ಗೆ ಬಂದಿದ್ದೇನೆ. ಅದರಲ್ಲಿ ‘ಎಕೋಸ್’ ಅದ್ಭುತ, ಒಪ್ಪುತ್ತೇನೆ. ಆದರೆ ಮೊದಲ ಬದಿಯ ಹಾಡುಗಳು ಸುಮ್ನೆ ಜಾಗ ತುಂಬಿಸೋಕೆ ಹಾಕಿದ ಹಾಗೆ ಅನ್ನಿಸಿದವು. ಜನ ಸರಿಯಾಗಿ ಗಮನಿಸದ ರಾಕ್ ಹಾಡು ಯಾವುದು ಅಂತ ಯಾರು ಕೇಳಿದರೂ ನೀವು ಅಲ್ಲಿರುವ ‘ಫಿಯರ್‌ಲೆಸ್’ ಹೆಸರು ಹೇಳುತ್ತೀರಿ. ಅದರಲ್ಲಿ ಅಂಥದ್ದೇನಿದೆ? ಕೊನೆಗೆ ಫುಟ್‌ಬಾಲ್ ಪ್ರೇಕ್ಷಕರು ಹಾಡುವುದು ಯಾಕೆ? ನಾನು ಸ್ವಲ್ಪ ಗಿಟಾರ್ ನುಡಿಸುತ್ತೇನೆ. ಎಷ್ಟು ಪ್ರಯತ್ನಪಟ್ಟರೂ ಅದರಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ಸಾಲು, ಅಂದರೆ ರಿಫ್, ರೆಕಾರ್ಡಿನಲ್ಲಿ ಕೇಳಿದ ಹಾಗೆ ಬರುತ್ತಿಲ್ಲ. ಅದಕ್ಕೂ ಒಂದು ದಾರಿ ಹೇಳಿ.

ಉತ್ತರ: ನಿಮ್ಮ ಅನುಮಾನ ಅರ್ಧ ಸರಿ. ‘ಮೆಡಲ್’ನಲ್ಲಿ ಜಾಗ ತುಂಬಿಸೋ ಹಾಡು ಖಂಡಿತ ಇದೆ, ಅದು ‘ಸೀಮಸ್’. ಎರಡೂ ಕಾಲು ನಿಮಿಷದ ಒಂದು ಬ್ಲೂಸ್, ಜೊತೆಗೆ ಊಳಿಡುವ ಒಂದು ನಾಯಿ. ಹಂಬಲ್ ಪೈ ತಂಡದ ಸ್ಟೀವ್ ಮ್ಯಾರಿಯಟ್ ಅವರ ನಾಯಿ ಅದು, ಅದರ ಹೆಸರೇ ಸೀಮಸ್. ಒಮ್ಮೆ ಕೇಳಿ, ನಕ್ಕು, ಮುಂದೆ ಹೋಗಬಹುದು. ಆದರೆ ‘ಫಿಯರ್‌ಲೆಸ್’ ಹಾಡನ್ನೂ ಅದೇ ಸಾಲಿನಲ್ಲಿ ಕೂರಿಸಿದರೆ ನಾನು ಜಗಳಕ್ಕೆ ಬರುತ್ತೇನೆ.

ಈ ಹಾಡು ಕಣ್ಣಿಗೆ ಬೀಳದೇ ಹೋಗಿದ್ದಕ್ಕೆ ಮೊದಲ ಕಾರಣ ಅದಕ್ಕೆ ಸಿಕ್ಕ ಜಾಗ. ‘ಮೆಡಲ್’ ಬಂದಿದ್ದು 1971ರ ಕೊನೆಯಲ್ಲಿ. ಎಲ್‌ಪಿ ತಟ್ಟೆಯ ಎರಡನೇ ಬದಿ ಪೂರ್ತಿ ‘ಎಕೋಸ್’, ಇಪ್ಪತ್ಮೂರೂವರೆ ನಿಮಿಷ. ಮೊದಲ ಬದಿ ಶುರುವಾಗುವುದು ‘ಒನ್ ಆಫ್ ದೀಸ್ ಡೇಸ್’ನಿಂದ. ಅಲ್ಲಿ ತಂಡದ ರೋಜರ್ ವಾಟರ್ಸ್, ಡೇವಿಡ್ ಗಿಲ್ಮೋರ್ ಇಬ್ಬರೂ ಬೇಸ್ ಗಿಟಾರ್ ಹಿಡಿದು ಬಿನ್ಸನ್ ಕಂಪನಿಯ ಎಕೋ ಯಂತ್ರದ ಮೂಲಕ ಗುಡುಗುತ್ತಾರೆ. ಈ ಕಡೆ ಗುಡುಗು, ಆ ಕಡೆ ಸಮುದ್ರ. ಮಧ್ಯೆ ಮೂರನೇ ಹಾಡಾಗಿ, ಆರು ನಿಮಿಷ, ದನಿ ಏರಿಸದೆ ನಡೆದು ಹೋಗುತ್ತದೆ ‘ಫಿಯರ್‌ಲೆಸ್’. ಯಾರು ತಿರುಗಿ ನೋಡುತ್ತಾರೆ ಹೇಳಿ?

ತಂಡದವರೂ ಅದನ್ನು ಅಷ್ಟೇನೂ ಮುದ್ದು ಮಾಡಲಿಲ್ಲ. ಅಮೆರಿಕದಲ್ಲಿ ‘ಒನ್ ಆಫ್ ದೀಸ್ ಡೇಸ್’ ಸಿಂಗಲ್ ಆಗಿ, ಅಂದರೆ ಬಿಡಿ ರೆಕಾರ್ಡ್ ಆಗಿ ಬಂದಾಗ ಇದು ಅದರ ಹಿಂಬದಿಗೆ ಹೋಯಿತು. 1971ರ ಅಕ್ಟೋಬರ್‌ನಲ್ಲಿ ಇಟಲಿಯ ಪಾಂಪೇಯಿಯ ಖಾಲಿ ರಂಗಮಂದಿರದಲ್ಲಿ ‘ಲೈವ್ ಅಟ್ ಪಾಂಪೇಯಿ’ ಎಂಬ ಪ್ರಸಿದ್ಧ ಚಿತ್ರದ ಶೂಟಿಂಗ್ ನಡೆಯಿತಲ್ಲ, ಅದರಲ್ಲಿ ‘ಎಕೋಸ್’ ಇದೆ, ‘ಒನ್ ಆಫ್ ದೀಸ್ ಡೇಸ್’ ಇದೆ. ಸೀಮಸ್‌ನ ಜಾಗಕ್ಕೆ ಬೇರೆ ನಾಯಿ ತಂದು ಆ ಬ್ಲೂಸ್ ಅನ್ನೂ ಚಿತ್ರದಲ್ಲಿ ಸೇರಿಸಿದರು! ‘ಫಿಯರ್‌ಲೆಸ್’ ಮಾತ್ರ ಇಲ್ಲ. 2001ರಲ್ಲಿ ಇಪ್ಪತ್ತಾರು ಹಾಡುಗಳ ಎರಡು ಸಿಡಿ ಸಂಗ್ರಹ ಬಂತು. ಅದರ ಹೆಸರೇ ‘ಎಕೋಸ್’. ಅದರಲ್ಲೂ ಇದಕ್ಕೆ ಜಾಗ ಸಿಗಲಿಲ್ಲ. ನಾಯಿಗೆ ಎರಡೆರಡು ಸಲ ಅವಕಾಶ ಕೊಟ್ಟವರು ಈ ಹಾಡಿಗೆ ಒಂದು ಸಲ ಕೊಡಬಹುದಿತ್ತು.

ಇನ್ನು ಹಾಡಿನ ವಿಷಯ.

ಮೊದಲು ವೇಗ ಗಮನಿಸಿ. ಆರಾಮಾಗಿ ನಡೆಯುವ ವೇಗ. ನಿಕ್ ಮೇಸನ್ ಅವರ ಡ್ರಮ್ಸ್ ಹಾಡಿನುದ್ದಕ್ಕೂ ಅವಸರ ಮಾಡುವುದಿಲ್ಲ. ಗಿಟಾರಿನ ರಿಫ್ ಕೆಳಗಿನ ಸ್ವರದಲ್ಲಿ ನಿಂತು, ಒಂದೊಂದೇ ಮೆಟ್ಟಿಲು ಮೇಲೆ ಹೋಗುತ್ತದೆ. ಆಮೇಲೆ ಮತ್ತೆ ಕೆಳಗಿನಿಂದ ಶುರು. ಬೆಟ್ಟ ಹತ್ತುವ ಹಾಡು ಇದು ಅನ್ನುವುದನ್ನು ಮಾತು ಬರುವ ಮೊದಲೇ ರಿಫ್ ಹೇಳಿಬಿಟ್ಟಿರುತ್ತದೆ. ಹಾಡಿನ ಸಾಲು ಮುಗಿದ ಕೂಡಲೇ ಗಿಟಾರ್ ಹತ್ತಲು ಶುರು ಮಾಡುತ್ತದೆ. ಹೀಗೆ ಮಾತು ಮತ್ತು ಹತ್ತುವುದು ಸರದಿಯಲ್ಲಿ ಬರುತ್ತವೆ. ಮಾತಿನಲ್ಲಿ ಹೇಳಿದ್ದನ್ನು ಗಿಟಾರ್ ಮಾಡಿ ತೋರಿಸುತ್ತಿದೆ ಅನ್ನಿಸುತ್ತದೆ.

ಗಿಲ್ಮೋರ್ ಹಾಡಿರುವ ರೀತಿ ಇನ್ನೂ ವಿಚಿತ್ರ. ಹೆಸರು ‘ಫಿಯರ್‌ಲೆಸ್’. ಅಂದರೆ ಎದೆ ತಟ್ಟಿಕೊಂಡು ಕೂಗಬೇಕು ಅಲ್ವಾ? ಇಲ್ಲ. ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುವಷ್ಟು ಮೆತ್ತಗೆ ಹಾಡುತ್ತಾರೆ. ಇದು ಸವಾಲು ಹಾಕುವವನ ಹಾಡು, ಆದರೆ ಸವಾಲಿನ ದನಿ ಎಲ್ಲೂ ಇಲ್ಲ. ಇನ್ನೊಂದು ಮಾತು: ರಾಕ್ ಸಂಗೀತದಲ್ಲೇ ಅತ್ಯಂತ ಚೆಂದದ ಸೋಲೋಗಳನ್ನು (ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ) ನುಡಿಸಿದ ಈ ಮನುಷ್ಯ ಇಲ್ಲಿ ಸೋಲೋ ನುಡಿಸುವುದೇ ಇಲ್ಲ. ಆರು ನಿಮಿಷದಲ್ಲಿ ಬೇಕಾದಷ್ಟು ಜಾಗ ಇತ್ತು. ಬಿಟ್ಟುಬಿಟ್ಟರು. ನನಗೆ ಈ ಹಾಡಿನ ಮೇಲೆ ಪ್ರೀತಿ ಬರಲು ಮುಖ್ಯ ಕಾರಣ ಇದೇ. ದೊಡ್ಡದಾಗಬಹುದಾಗಿದ್ದ ಹಾಡು ದೊಡ್ಡದಾಗಲು ಒಪ್ಪುವುದಿಲ್ಲ. ಎರಡಾಳು ಎತ್ತರದ ಧ್ವನಿವರ್ಧಕ ಗೋಡೆ, ಕೊನೆಯಲ್ಲೊಂದು ಆರ್ಭಟ, ಇದೆಲ್ಲ ಆ ಕಾಲದ ರಾಕ್‌ಗೆ ಮಾಮೂಲಿ. ಇಲ್ಲಿ ಹಾಡು ಎಷ್ಟು ಹೊತ್ತಾದರೂ ತನ್ನ ನಡಿಗೆ ಬಿಡುವುದಿಲ್ಲ.

ಸಾಹಿತ್ಯವನ್ನು ಹಲವರು ಸುಮ್ನೆ ಹುರಿದುಂಬಿಸುವ ಮಾತು ಅಂದುಕೊಂಡು ಬಿಡುತ್ತಾರೆ. ಸ್ವಲ್ಪ ನಿಧಾನಿಸಿ ಕೇಳಿ. ಮೊದಲ ಚರಣದಲ್ಲಿ ಯಾರೋ ಒಬ್ಬ ‘ಈ ಬೆಟ್ಟ ತುಂಬಾ ಕಡಿದು, ನಿನ್ನ ಕೈಲಿ ಆಗಲ್ಲ’ ಅನ್ನುತ್ತಾನೆ. ಹಾಡುವವನು ‘ಜಾಗ ನೀನು ಹೇಳು, ಯಾವಾಗ ಅಂತ ನಾನು ಹೇಳುತ್ತೇನೆ, ಹತ್ತುವುದು ನನ್ನ ರೀತಿಯಲ್ಲಿ’ ಅನ್ನುತ್ತಾನೆ. ಸರಿಯಾದ ದಿನ ಬರಲಿ, ಕಾಯೋಣ ಅನ್ನುತ್ತಾನೆ. ಆಮೇಲೆ ಮರಗಳನ್ನೂ ಮೋಡಗಳನ್ನೂ ದಾಟಿ ಮೇಲೆ ಹೋಗಿ ಕೆಳಗೆ ನೋಡುತ್ತಾನೆ. ಅಲ್ಲಿಗೂ ಅವನಿಗೆ ಕೇಳುವುದು ಅವತ್ತು ಅವರು ಆಡಿದ ಮಾತುಗಳೇ.

ಎರಡನೇ ಚರಣದಲ್ಲಿ ಚಿತ್ರ ಪೂರ್ತಿ ಬದಲಾಗುತ್ತದೆ. ಬೆಟ್ಟ ಮಾಯ. ಒಬ್ಬ ಮಂಕ ನಗುತ್ತಾ ಗುಂಪಿನ ಎದುರು ನಿಂತಿದ್ದಾನೆ. ಎದುರಿಗೆ ಹುಬ್ಬು ಗಂಟಿಕ್ಕಿದ, ಕರುಣೆ ಇಲ್ಲದ ನ್ಯಾಯಾಧೀಶ. ಕಿರೀಟ ಹಾಕಿಕೊಂಡ ಮೂರ್ಖ ಯಾರು ಅನ್ನೋ ಪ್ರಶ್ನೆ. ಮೊದಲು ‘ಹತ್ತುತ್ತೇನೆ’ ಅಂದ ಹಾಡು ಈಗ ‘ನಿನ್ನದೇ ರೀತಿಯಲ್ಲಿ ಇಳಿ’ ಅನ್ನುತ್ತದೆ. ಮೊದಲು ಸರಿಯಾದ ದಿನಕ್ಕೆ ಕಾಯಬೇಕಿತ್ತು, ಈಗ ಎಲ್ಲ ದಿನವೂ ಸರಿಯಾದ ದಿನವೇ. ಅಂದರೆ ಇದು ಗೆದ್ದವನ ಹಾಡು ಮಾತ್ರ ಅಲ್ಲ. ಇಳಿಯುವವನಿಗೂ, ಸೋಲುವವನಿಗೂ ಅದೇ ಮರ್ಯಾದೆ ಕೊಡುತ್ತದೆ. ಬೆಟ್ಟ ಹತ್ತಿದ್ದು ಮುಖ್ಯ ಅಲ್ಲ, ಯಾರ ಲೆಕ್ಕದಲ್ಲಿ ಹತ್ತಿದ ಅನ್ನೋದು ಮುಖ್ಯ. ಈ ತಿರುವು ಹಿಡಿದರೆ ಹಾಡು ಬೇರೆಯೇ ಕಾಣುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಎರಡನೇ ಚರಣದ ಕೊನೆಯಲ್ಲೂ ಒಬ್ಬ ಮೇಲಿನಿಂದ ಕೆಳಗೆ ನೋಡುತ್ತಾನೆ. ಈ ಸಲ ಅವನಿಗೆ ಕೇಳುವುದು ಗುಂಪಿನಲ್ಲಿರುವ ಮುಖಗಳ ಸದ್ದು. ಮಾತು ಅಲ್ಲಿಗೆ ಮುಗಿಯುತ್ತದೆ. ಆಮೇಲೆ ವಾದ್ಯಗಳ ಹಿಂದಿನಿಂದ ನಿಜವಾದ ಗುಂಪೊಂದು ಎದ್ದು ಬರುತ್ತದೆ. ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್‌ನ ಅಭಿಮಾನಿಗಳು, ‘ಯೂ ವಿಲ್ ನೆವರ್ ವಾಕ್ ಅಲೋನ್’ ಹಾಡುತ್ತಿದ್ದಾರೆ. ಹಾಡಿನ ಶುರುವಿನಲ್ಲೂ ಅವರ ದನಿ ದೂರದಿಂದ ಒಮ್ಮೆ ಕೇಳುತ್ತದೆ. ಬಹಳಷ್ಟು ಜನ ಇದನ್ನು ಅಲಂಕಾರ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಮೂರನೇ ಚರಣ. ಮೇಲೆ ನಿಂತವನಿಗೆ ಏನು ಕೇಳುತ್ತಿದೆ ಅಂತ ಇಲ್ಲಿಯವರೆಗೆ ಮಾತಿನಲ್ಲಿ ಹೇಳುತ್ತಿದ್ದರು, ಈಗ ನಮಗೇ ಕೇಳಿಸುತ್ತಿದ್ದಾರೆ.

ಅವರು ಹಾಡುತ್ತಿರುವ ಹಾಡಿನ ಕಥೆ ಗೊತ್ತಿದ್ದರೆ ಇದು ಇನ್ನೂ ಚುಚ್ಚುತ್ತದೆ. ರಿಚರ್ಡ್ ರಾಡ್ಜರ್ಸ್ ಮತ್ತು ಆಸ್ಕರ್ ಹ್ಯಾಮರ್‌ಸ್ಟೈನ್ 1945ರ ‘ಕ್ಯಾರೊಸೆಲ್’ ನಾಟಕಕ್ಕೆ ಬರೆದ ಹಾಡು ಅದು. ನಾಟಕದಲ್ಲಿ ಗಂಡನನ್ನು ಕಳೆದುಕೊಂಡವಳಿಗೆ ಸಮಾಧಾನ ಹೇಳಲು ಹಾಡುತ್ತಾರೆ. 1963ರಲ್ಲಿ ಲಿವರ್‌ಪೂಲಿನವರೇ ಆದ ಗೆರಿ ಆಂಡ್ ದ ಪೇಸ್‌ಮೇಕರ್ಸ್ ಅದನ್ನು ಹಾಡಿ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ತಂದರು. ಲಿವರ್‌ಪೂಲ್ ಕ್ಲಬ್ಬಿನ ಆನ್‌ಫೀಲ್ಡ್ ಮೈದಾನದ ಕಾಪ್ ಸ್ಟ್ಯಾಂಡಿನ ಜನ ಅದನ್ನು ತಮ್ಮದೇ ಮಾಡಿಕೊಂಡರು. ಆಗ ಕಾಪ್‌ನಲ್ಲಿ ಕುರ್ಚಿಗಳಿಲ್ಲ, ಸಾವಿರಾರು ಜನ ಒತ್ತೊತ್ತಾಗಿ ನಿಂತೇ ಆಟ ನೋಡುತ್ತಿದ್ದರು. ಅಂದ ಹಾಗೆ, ಆ ಸ್ಟ್ಯಾಂಡಿಗೆ ಹೆಸರು ಬಂದಿದ್ದು ದಕ್ಷಿಣ ಆಫ್ರಿಕದ ಸ್ಪಿಯಾನ್ ಕಾಪ್ ಎಂಬ ಬೆಟ್ಟದಿಂದ. 1900ರ ಜನವರಿಯಲ್ಲಿ ಬೋಯರ್ ಯುದ್ಧದ ಹೊತ್ತಿಗೆ ಬ್ರಿಟಿಷ್ ಸೈನಿಕರು ಆ ಬೆಟ್ಟ ಹತ್ತಿ ಅಲ್ಲೇ ರಾಶಿ ರಾಶಿಯಾಗಿ ಸತ್ತರು. ಹಾಡು ಬರೆದವರಲ್ಲಿ ಒಬ್ಬರಾದ ವಾಟರ್ಸ್ ತಲೆಯಲ್ಲಿ ಇದೆಲ್ಲ ಇತ್ತು ಅಂತ ನಾನು ವಾದಿಸುವುದಿಲ್ಲ. ಆದರೆ ಬೆಟ್ಟ ಹತ್ತುವ ಹಾಡಿಗೆ ಬೆಟ್ಟದ ಹೆಸರು ಹೊತ್ತ ಜಾಗದ ಜನ ದನಿ ಕೊಟ್ಟಿದ್ದಾರೆ ಅನ್ನೋದು ಖುಷಿ ಕೊಡುವ ವಿಷಯ. ಇನ್ನೊಂದು ತಮಾಷೆ: ವಾಟರ್ಸ್ ಲಿವರ್‌ಪೂಲ್ ಅಭಿಮಾನಿಯೇ ಅಲ್ಲ, ಲಂಡನ್ನಿನ ಆರ್ಸೆನಲ್ ಕ್ಲಬ್ ಕಡೆಯವರು.

ಈಗ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಒಂದು ಕಡೆ ‘ನನ್ನ ದಾರಿಯಲ್ಲಿ, ಒಬ್ಬನೇ ಹೋಗುತ್ತೇನೆ’ ಅನ್ನುವವನು. ಇನ್ನೊಂದು ಕಡೆ ‘ನೀನು ಯಾವತ್ತೂ ಒಬ್ಬನೇ ನಡೆಯಲ್ಲ’ ಅನ್ನುವ ಜನಸಾಗರ. ಆ ಜನ ಅವನಿಗೆ ಧೈರ್ಯ ಹೇಳುತ್ತಿದ್ದಾರಾ? ಅಥವಾ ಮಂಕನನ್ನು ನೋಡಿ ನಗುವ ಗುಂಪು ಇದೇನಾ? ಹಾಡು ಉತ್ತರ ಕೊಡುವುದಿಲ್ಲ. ಕೊನೆಗೆ ವಾದ್ಯಗಳು ನಿಂತು ಹೋಗುತ್ತವೆ, ಜನ ಮಾತ್ರ ಉಳಿಯುತ್ತಾರೆ. ಅವರ ಹಾಡು ಮುಗಿದು ಊರಿನ ಹೆಸರಿನ ಕೂಗು ಶುರುವಾಗುತ್ತದೆ. ಕೆಲವು ದಿನ ಆ ಕೂಗು ಬೆಚ್ಚಗೆ ಕೇಳಿಸುತ್ತದೆ, ಕೆಲವು ದಿನ ಸ್ವಲ್ಪ ಭಯ ಆಗುತ್ತದೆ. ಒಂದೇ ಟೇಪ್ ಎರಡು ರೀತಿ ಕೇಳಿಸುವ ಹಾಗೆ ಇಟ್ಟಿರುವುದೇ ಜಾಣತನ.

ವಾಟರ್ಸ್ ಮುಂದೆ ಬರೆದಿದ್ದೆಲ್ಲ ಇಲ್ಲಿ ಮೊಳಕೆ ಒಡೆದಿದೆ. 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ನ ಕೊನೆಯಲ್ಲಿ ಬರುವ ಹುಚ್ಚ ಈ ಮಂಕನ ತಮ್ಮ. 1979ರ ‘ದ ವಾಲ್’ನಲ್ಲಿ ವಿಚಾರಣೆ ನಡೆಸುವ ಭಯಂಕರ ನ್ಯಾಯಾಧೀಶ ಇಲ್ಲಿ ಒಂದು ಸಾಲಿನಲ್ಲಿ ಆಗಲೇ ಹುಬ್ಬು ಗಂಟಿಕ್ಕಿದ್ದಾನೆ. ಇನ್ನು ಗುಂಪಿನ ಜೊತೆಗಿನ ಜಗಳ? 1977ರ ಜುಲೈ 6ರಂದು ಮಾಂಟ್ರಿಯಲ್‌ನ ಒಲಿಂಪಿಕ್ ಸ್ಟೇಡಿಯಂನಲ್ಲಿ ವಾಟರ್ಸ್ ಒಬ್ಬ ಅಭಿಮಾನಿಯ ಮೇಲೆ ಉಗುಳಿದರು. ಆ ನಾಚಿಕೆಯಿಂದಲೇ ‘ದ ವಾಲ್’ ಹುಟ್ಟಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಆರು ವರ್ಷ ಮೊದಲಿನ ಈ ಹಾಡಿನಲ್ಲಿ ಗುಂಪಿನ ಮೇಲೆ ಇನ್ನೂ ಆ ಸಿಟ್ಟು ಬಂದಿಲ್ಲ. ಅನುಮಾನ ಇದೆ, ಜೊತೆಗೆ ಪ್ರೀತಿಯೂ ಇದೆ. ನಿಜ ಹೇಳಬೇಕೆಂದರೆ, ‘ದ ವಾಲ್’ಗಿಂತ ಈ ಆರು ನಿಮಿಷ ನನಗೆ ಜಾಸ್ತಿ ಇಷ್ಟ. ಅಲ್ಲಿ ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ, ಇಲ್ಲಿ ಹೇಳದೆ ಬಿಡುತ್ತಾರೆ.

ಆಲ್ಬಂ ಬಗ್ಗೆಯೂ ಸ್ವಲ್ಪ ಹೇಳಬೇಕು. 1970ರ ‘ಆ್ಯಟಮ್ ಹಾರ್ಟ್ ಮದರ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಗಿತ್ತು. ಅದರಲ್ಲಿ ಬ್ರಾಸ್ ವಾದ್ಯಗಳಿದ್ದವು, ದೊಡ್ಡ ಗಾಯಕವೃಂದ ಇತ್ತು. ಮುಂದೇನು ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ. 1971ರ ಶುರುವಿನಲ್ಲಿ ನಾಲ್ವರೂ ಕೈಯಲ್ಲಿ ಒಂದು ಹಾಡೂ ಇಲ್ಲದೆ ಆ್ಯಬಿ ರೋಡ್ ಸ್ಟುಡಿಯೊಗೆ ಹೋದರು. ಒಬ್ಬರು ನುಡಿಸಿದ್ದು ಇನ್ನೊಬ್ಬರಿಗೆ ಕೇಳಿಸದ ಹಾಗೆ ಬೇರೆ ಬೇರೆಯಾಗಿ ನುಡಿಸಿ, ಆಮೇಲೆ ಸೇರಿಸಿ ನೋಡುವ ಆಟವನ್ನೂ ಆಡಿದರು. ಹೀಗೆ ಸಿಕ್ಕ ತುಣುಕುಗಳಿಗೆ ‘ನಥಿಂಗ್’ ಅಂತಲೇ ಹೆಸರಿಟ್ಟರು. ಹೆಚ್ಚಿನವು ಹೆಸರಿಗೆ ತಕ್ಕ ಹಾಗೇ ಇದ್ದವು. ಆದರೆ ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಪಿಯಾನೊದ ಒಂದೇ ಸ್ವರವನ್ನು, ತಿರುಗುತ್ತಾ ದನಿ ಅಲುಗಿಸುವ ಲೆಸ್ಲಿ ಸ್ಪೀಕರ್ ಮೂಲಕ ಹಾಯಿಸಿದಾಗ ಬಂದ ‘ಪಿಂಗ್’ ಶಬ್ದ ‘ಎಕೋಸ್’ನ ಬೀಜವಾಯಿತು. ಆಗ ಆ್ಯಬಿ ರೋಡ್‌ನಲ್ಲಿ ಎಂಟು ಟ್ರ್ಯಾಕ್ ಯಂತ್ರ, ಅಂದರೆ ಎಂಟು ದನಿಗಳನ್ನು ಬೇರೆ ಬೇರೆಯಾಗಿ ಹಿಡಿದಿಡುವ ಯಂತ್ರ ಮಾತ್ರ ಇತ್ತು. ಇವರಿಗೆ ಸಾಲಲಿಲ್ಲ. ಹದಿನಾರು ಟ್ರ್ಯಾಕ್ ಇದ್ದ ಏರ್ ಮತ್ತು ಮಾರ್ಗನ್ ಸ್ಟುಡಿಯೊಗಳಿಗೆ ಟೇಪ್ ಹೊತ್ತುಕೊಂಡು ಹೋದರು. ಮಧ್ಯೆ ಮಧ್ಯೆ ಸಂಗೀತ ಕಛೇರಿಗಳ ಓಡಾಟ. ಇಷ್ಟೆಲ್ಲ ಗಡಿಬಿಡಿಯಲ್ಲಿ ಹುಟ್ಟಿದ ಆಲ್ಬಂ ಎಷ್ಟು ನಿರಾಳವಾಗಿದೆ ನೋಡಿ! ಬ್ರಿಟನ್ನಿನಲ್ಲಿ ಮೂರನೇ ಸ್ಥಾನ, ಅಮೆರಿಕದಲ್ಲಿ ಎಪ್ಪತ್ತನೆಯದು.

ಮುಖಪುಟದಲ್ಲಿ ಇರುವುದು ನೀರಿನೊಳಗಿನ ಒಂದು ಕಿವಿ, ಮೇಲೆ ಅಲೆಗಳು. ಅದನ್ನು ರೂಪಿಸಿದ ಸ್ಟಾರ್ಮ್ ಥಾರ್ಗರ್ಸನ್ ಅವರಿಗೇ ಅದು ಅಷ್ಟು ಹಿಡಿಸಿರಲಿಲ್ಲವಂತೆ. ನನಗೇನೂ ತೊಂದರೆ ಇಲ್ಲ. ಕಿವಿಗೊಟ್ಟು ಕೇಳಬೇಕಾದ ಆಲ್ಬಂ ತಾನೆ.

ಉಳಿದ ಹಾಡುಗಳಲ್ಲಿ ‘ಎ ಪಿಲ್ಲೋ ಆಫ್ ವಿಂಡ್ಸ್’ ನಿದ್ದೆಯ ಅಂಚಿನಲ್ಲಿ ತೇಲುವ ಪ್ರೇಮಗೀತೆ. ‘ಸ್ಯಾನ್ ಟ್ರೋಪೇ’ ಹಗುರ ಜಾಜ್, ಕೊನೆಯಲ್ಲಿ ರೈಟ್ ಅವರ ಪಿಯಾನೊಗಾಗಿ ಕೇಳಬಹುದು. ಒಂದು ಸಲಹೆ: ‘ಫಿಯರ್‌ಲೆಸ್’ ಹಾಡೊಂದನ್ನೇ ಎತ್ತಿ ಕೇಳಬೇಡಿ. ಮೊದಲ ಹಾಡಿನ ಗುಡುಗು, ಎರಡನೆಯದರ ಮಂಪರು ಎರಡನ್ನೂ ದಾಟಿ ಅಲ್ಲಿಗೆ ಬನ್ನಿ. ಆ ಮಂಪರಿನಿಂದ ಎದ್ದು ಕಾಲು ನೆಲಕ್ಕೆ ಊರಿದ ಹಾಗೆ ರಿಫ್ ಶುರುವಾಗುತ್ತದೆ. ಹೆಡ್‌ಫೋನ್ ಇದ್ದರೆ ಒಳ್ಳೆಯದು, ಶುರುವಿನಲ್ಲಿ ಬರುವ ಜನರ ದನಿ ಇಲ್ಲದಿದ್ದರೆ ತಪ್ಪಿಹೋಗುತ್ತದೆ. ವೇದಿಕೆಯ ಮೇಲೆ ಹೇಗಿರುತ್ತದೆ ಅನ್ನೋ ಕುತೂಹಲ ಇದ್ದರೆ ನಿಕ್ ಮೇಸನ್ ಅವರ ‘ಸಾಸರ್‌ಫುಲ್ ಆಫ್ ಸೀಕ್ರೆಟ್ಸ್’ ತಂಡದ 2020ರ ಲೈವ್ ಆಲ್ಬಂ ಹುಡುಕಿ. ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ನುಡಿಸಿದ್ದು. ಹಳೆಯ ತಂಡ ಬದಿಗಿಟ್ಟಿದ್ದ ಹಾಡಿಗೆ ಅದರದೇ ಡ್ರಮ್ಮರ್ ಕೊನೆಗೂ ನ್ಯಾಯ ಕೊಟ್ಟಿದ್ದಾರೆ.

ಇನ್ನು ಗಿಟಾರ್. ನಿಮಗೆ ರಿಫ್ ಸರಿಯಾಗಿ ಬರದಿರಲು ಕಾರಣ ಟ್ಯೂನಿಂಗ್. ವಾಟರ್ಸ್ ಈ ಹಾಡಿನಲ್ಲಿ ಓಪನ್ ಜಿ, ಅಂದರೆ ಬೆರಳು ಇಡದೆ ಮೀಟಿದರೇ ಜಿ ಕಾರ್ಡ್ ಮೊಳಗುವ ಟ್ಯೂನಿಂಗ್ ಬಳಸಿದ್ದಾರೆ. ಅದನ್ನು ಅವರಿಗೆ ಕಲಿಸಿದ್ದು 1968ರಲ್ಲಿ ತಂಡ ಬಿಟ್ಟ ಸಿಡ್ ಬ್ಯಾರೆಟ್. ದಪ್ಪ ತಂತಿಯನ್ನು ಇ ಸ್ವರದಿಂದ ಡಿಗೆ ಇಳಿಸಿ. ಐದನೆಯದನ್ನು ಎ ಸ್ವರದಿಂದ ಜಿಗೆ ಇಳಿಸಿ. ಮಧ್ಯದ ಮೂರು ತಂತಿ ಮುಟ್ಟಬೇಡಿ. ಸಣ್ಣ ತಂತಿಯನ್ನೂ ಇ ಸ್ವರದಿಂದ ಡಿಗೆ ಇಳಿಸಿ. ಜಿ ಸ್ವರವನ್ನು ಷಡ್ಜ ಅಂತ ಹಿಡಿದರೆ ನಿಮಗೆ ಪ ಸ ಪ ಸ ಗ ಪ ಸಿಗುತ್ತದೆ. ಹೆಚ್ಚುಕಡಿಮೆ ತಂಬೂರಿಯ ಹಾಗೆ, ಬೆರಳು ಇಡದೆ ಮೀಟಿದರೂ ಆಧಾರ ಸ್ವರ ತುಂಬಿಕೊಂಡು ಮೊಳಗುತ್ತದೆ. ರಿಫ್ ಮೇಲೆ ಹತ್ತುವಾಗ ಕೆಳಗೆ ಈ ಸ್ವರಗಳು ಬಿಡದೆ ಗುನುಗುತ್ತಿರುವುದರಿಂದಲೇ ರೆಕಾರ್ಡಿನಲ್ಲಿ ಆ ತುಂಬು ದನಿ ಬಂದಿದೆ. ಮಾಮೂಲಿ ಟ್ಯೂನಿಂಗ್‌ನಲ್ಲಿ ಸ್ವರಗಳು ಸಿಗುತ್ತವೆ, ಈ ಗುನುಗು ಸಿಗುವುದಿಲ್ಲ.

ಕಾರ್ಡ್‌ಗಳಿಗೂ ಸುಲಭ. ಒಂದೇ ಬೆರಳನ್ನು ಐದನೇ ಫ್ರೆಟ್‌ಗೆ ಅಡ್ಡ ಇಟ್ಟರೆ ಸಿ, ಏಳಕ್ಕೆ ಇಟ್ಟರೆ ಡಿ, ಹನ್ನೆರಡಕ್ಕೆ ಮತ್ತೆ ಜಿ. ಆರನೇ ತಂತಿಯನ್ನು ಶುರುವಿನಲ್ಲಿ ಮೀಟಲೇಬೇಡಿ, ಐದನೆಯದರಿಂದ ರಿಫ್ ಹಿಡಿಯಿರಿ. ಇಳಿಸಿದ ತಂತಿಗಳು ಸಡಿಲ ಇರುತ್ತವೆ, ಗಟ್ಟಿಯಾಗಿ ಹೊಡೆದರೆ ಝರ್ ಅನ್ನುತ್ತವೆ. ಬಲಗೈ ಹಗುರ ಇರಲಿ, ಒಂದು ಸ್ವರ ಪೂರ್ತಿ ಮೊಳಗುವ ಮೊದಲು ಮುಂದಿನದಕ್ಕೆ ಹೋಗಬೇಡಿ. ರಿಫ್ ಕೈಗೆ ಬಂದ ಮೇಲೆ ಎಲ್ಲರೂ ವೇಗ ಜಾಸ್ತಿ ಮಾಡುತ್ತಾರೆ. ರೆಕಾರ್ಡ್ ಹಾಕಿಕೊಂಡು, ಮೇಸನ್ ಅವರ ಡ್ರಮ್ಸ್ ಜೊತೆಗೇ ಅಭ್ಯಾಸ ಮಾಡಿ.